ಅವ್ರ ಕೈ ಬಿಡ್ರೀ ಮೊದ್ಲು

"ಅವ್ರ ಕೈ ಬಿಡ್ರೀ ಮೊದ್ಲು!"

ಕಳೆದ ಗುರುವಾರ ಒಬ್ಬ ಹೆಣ್ಣು ಪೊಲೀಸ್ ನನ್ನನ್ನು ಹೀಗೆ ಗದರಿಸಿದಳು. ಅದೂ ಸ್ಟೇಷನ್ನಿನಲ್ಲಿ, ನಾಲ್ಕು ಜನರ ಎದುರಿಗೆ. ನಾನು ಹಿಡಿದುಕೊಂಡಿದ್ದು ಯಾರ ಕೈ ಅಂತೀರಿ? ನನ್ನ ಒಡಹುಟ್ಟಿದ ತಂಗಿ ಸರೋಜಳ ಕೈ.

ಐವತ್ತಾರು ವರ್ಷಕ್ಕೆ ಇದೊಂದು ಬಾಕಿ ಇತ್ತು.

ಯಾವ ಸ್ಟೇಷನ್ನು ಅಂತ ಕೇಳಬೇಡಿ, ಹೇಳುವುದಿಲ್ಲ. ಶಿಕಾರಿಪುರಕ್ಕೂ ಸೊರಬಕ್ಕೂ ನಡುವೆ ಎಲ್ಲೋ ಒಂದು ಕಡೆ ಅಂದುಕೊಳ್ಳಿ. (ಈ ಅಂಕಣದಲ್ಲಿ ಹೆಸರು ಹಾಕಿದರೆ ಆ ಊರಿನವರು ಶಿಕಾರಿಪುರದ ನನ್ನ ಪ್ರೆಸ್ಸಿಗೆ ಲಗ್ನಪತ್ರಿಕೆ ಕೊಡುವುದನ್ನು ನಿಲ್ಲಿಸುತ್ತಾರೆ. ಈಗಲೇ ಎಲ್ಲರೂ ವಾಟ್ಸಾಪಿನಲ್ಲಿ ಕರೆಯುತ್ತಿದ್ದಾರೆ, ಇರುವ ನಾಲ್ಕು ಗಿರಾಕಿಯನ್ನೂ ಕಳೆದುಕೊಳ್ಳಲೇ?)

ಸರೋಜ ನನಗಿಂತ ಆರು ವರ್ಷ ಚಿಕ್ಕವಳು. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಹಾಗಾಗಿ ಬಾಯಲ್ಲಿ ಮಾತೂ ಬರಲಿಲ್ಲ. ಎಂಟನೇ ವರ್ಷಕ್ಕೆ ದೂರದ ಊರಿನಲ್ಲಿದ್ದ ಕಿವಿ ಕೇಳದ ಮಕ್ಕಳ ಹಾಸ್ಟೆಲ್ ಶಾಲೆಗೆ ಹಾಕಿದೆವು. ಆರು ವರ್ಷ ಅಲ್ಲಿದ್ದು ಓದು, ಬರಹ, ಹೊಲಿಗೆ, ಸನ್ನೆ ಭಾಷೆ ಎಲ್ಲ ಕಲಿತು ಬಂದಳು. ಈಗ ಆ ಸ್ಟೇಷನ್ನಿನ ಊರಲ್ಲೇ ಬಸ್ ಸ್ಟ್ಯಾಂಡ್ ಪಕ್ಕ ಒಂದು ಶಟರಿನ ಅಂಗಡಿ ಹಿಡಿದು ಬ್ಲೌಸ್ ಹೊಲಿಯುತ್ತಾಳೆ. ಅವಳು ಹೊಲಿದ ಬ್ಲೌಸನ್ನು ಸರಿಯಿಲ್ಲ ಅಂತ ಯಾರೂ ವಾಪಸ್ ತಂದಿದ್ದಿಲ್ಲ. (ತೋಳು ಬಿಗಿ ಅಂತ ನನ್ನ ಹೆಂಡತಿ ಒಮ್ಮೆ ತಂದಿದ್ದಳು. ಸರೋಜ ಅವಳ ತೋಳನ್ನೇ ಎರಡು ಬೆರಳಲ್ಲಿ ಹಿಡಿದು ತೋರಿಸಿ, ತಪ್ಪು ಬ್ಲೌಸಿನದಲ್ಲ ಅಂತ ತಿಳಿಸಿದಳು. ಅದಕ್ಕೆ ಭಾಷಾಂತರ ಬೇಕಾಗಲಿಲ್ಲ.)

ಸನ್ನೆ ಭಾಷೆ ಕಲಿತು ಬಂದಳು ಅಂದೆನಲ್ಲ. ಅವಳು ಕಲಿತಳು. ನಾವು ಕಲಿಯಲಿಲ್ಲ.

ನಮ್ಮ ಮನೆಯಲ್ಲಿ ನಡೆಯುವುದು ಬೇರೆಯೇ ಸನ್ನೆ. ಅಮ್ಮ ಅಂದರೆ ಮೂಗುತಿ. ಅಪ್ಪ ಅಂದರೆ ಮೀಸೆ. ಉಡುತಡಿಯ ಅತ್ತೆ ಅಂದರೆ ಎಲೆಯಡಿಕೆ ಜಗಿಯುವ ದವಡೆ. ನಾನು ಅಂದರೆ ಮೂಗಿನ ಮೇಲಿನ ಕನ್ನಡಕವನ್ನು ಬೆರಳಿನಿಂದ ಮೇಲೇರಿಸುವುದು. ಊಟ, ನಿದ್ದೆ, ಬಸ್ಸು, ಜ್ವರ, ಬಾ, ಹೋಗು, ಬೇಕು, ಬೇಡ. ಇಷ್ಟರಲ್ಲೇ ಐವತ್ತು ವರ್ಷ ಸಂಸಾರ ತೂಗಿಸಿದ್ದೇವೆ. ಅವಳು ಸ್ನೇಹಿತೆಯರ ಜೊತೆ ಮೊಬೈಲಿನಲ್ಲಿ ವಿಡಿಯೋ ಕಾಲ್ ಮಾಡುವಾಗ ಕೈಬೆರಳು ಕಣ್ಣಿಗೆ ಕಾಣುವುದಿಲ್ಲ, ಅಷ್ಟು ವೇಗ. ನಮ್ಮ ಜೊತೆ ಮಾತ್ರ ಅಂಗನವಾಡಿ ಟೀಚರ್ ಥರ ನಿಧಾನಕ್ಕೆ ತೋರಿಸುತ್ತಾಳೆ.

ಆದರೂ ಊರಿನ ಪ್ರಕಾರ ನಾನು ಅವಳ ಬಾಯಿ. ಬ್ಯಾಂಕಿನಲ್ಲಿ ಕೆವೈಸಿ ಅಂದರೆ ಶಿಕಾರಿಪುರದಿಂದ ನಾನು ಬರಬೇಕು. ಆಧಾರ್ ತಿದ್ದುಪಡಿಗೆ ನಾನು. ಕರೆಂಟ್ ಮೀಟರ್ ಹೆಸರು ಬದಲಾವಣೆಗೆ ನಾನು. ಡಾಕ್ಟರು ಅವಳ ಹೊಟ್ಟೆ ಒತ್ತಿ ನನ್ನ ಮುಖ ನೋಡುತ್ತಾ "ಎಲ್ಲಿ ನೋವು?" ಅಂತ ಕೇಳುತ್ತಾರೆ. ನಾನೂ "ಎಡಗಡೆ ಸಾರ್" ಅನ್ನುತ್ತೇನೆ, ನೋವು ನನಗೇ ಬಂದ ಹಾಗೆ!

ಮೂವತ್ತು ವರ್ಷದ ಹಿಂದೆ ಅವಳಿಗೊಂದು ಸಂಬಂಧ ಬಂದಿತ್ತು. ಹುಡುಗ ಅಂಬ್ಲಿಗೊಳದ ಕಡೆಯವನು, ಕಿವಿ ಕೇಳುತ್ತಿತ್ತು, ಕಿರಾಣಿ ಅಂಗಡಿ ಇತ್ತು. ಬಂದವರು "ಹುಡುಗಿ ಏನಂತಾಳೆ?" ಅಂತ ಕೇಳಿದರು. ಮದುವೆಯಾದ ಮೇಲೆ ಹೊಲಿಗೆ ಗಿಲಿಗೆ ಏನೂ ಇಲ್ಲ, ಅಂಗಡಿ ನೋಡಿಕೊಂಡು ಮನೆಯಲ್ಲಿರಬೇಕು ಅಂತ ಹುಡುಗನ ತಾಯಿ ಹೇಳಿದ್ದನ್ನು ನಾನು ಸನ್ನೆ ಮಾಡಿದೆ. ಸರೋಜ ಬೇಡ ಅಂದಳು. ಆ ಬೇಡವನ್ನು ಅವರಿಗೆ ಮುಟ್ಟಿಸಿದ್ದೂ ನಾನೇ. ಮತ್ತೆ ಯಾವ ಸಂಬಂಧವೂ ಕೂಡಿಬರಲಿಲ್ಲ.

ನಿಜ ಹೇಳುತ್ತೇನೆ, ನನಗೆ ಸುಸ್ತಾಗಿದೆ. ತಂಗಿಯ ಮೇಲೆ ಕೋಪವಿಲ್ಲ. ಆದರೆ ಇನ್ನೊಬ್ಬರ ಬಾಯಿಯಾಗಿ ಇರುವುದು ಇದೆಯಲ್ಲ, ಅದಕ್ಕೆ ರಜೆ ಇಲ್ಲ, ರಿಟೈರ್ಮೆಂಟ್ ಇಲ್ಲ. ಹೀಗಾಗಿ ಎಷ್ಟೋ ವರ್ಷದಿಂದ ನಾನೊಂದು ಶಾರ್ಟ್‌ಕಟ್ ಹಿಡಿದಿದ್ದೇನೆ. ಅವಳು ಉದ್ದ ಹೇಳುತ್ತಾಳೆ, ನಾನು ಚಿಕ್ಕದು ಮಾಡಿ ಮುಂದೆ ದಾಟಿಸುತ್ತೇನೆ. ಪ್ರೆಸ್ಸಿನವನ ಚಾಳಿ. ಇಷ್ಟು ಕಾಗದದಲ್ಲಿ ಇಷ್ಟೇ ಹಿಡಿಯುತ್ತೆ ಅಂತ ಉಳಿದದ್ದನ್ನು ಕತ್ತರಿಸಿ ಬಿಸಾಕುವುದು ನಮ್ಮ ಕಸುಬು ತಾನೆ?

ಗುರುವಾರ ಬೆಳಿಗ್ಗೆ ಒಂದು ನಾಮಕರಣದ ಕಾರ್ಡಿನ ಪ್ರೂಫ್ ನೋಡುತ್ತಿದ್ದೆ. ಫೋನು ಬಂತು.

"ಪ್ರೆಸ್ಸಿನವ್ರಾ? ಸ್ಟೇಷನ್ನಿಂದ ರೈಟರ್ ಮಾತಾಡೋದು. ನಿಮ್ ತಂಗೀನ ಕರಿಸೀವ್ರಿ. ಏನ್ ಹೇಳಾಕ ಹತ್ಯಾರೋ ಒಂದೂ ಗೊತ್ತಾಗವಲ್ದು. ಲಗೂ ಬರ್ರೀ."

ಪೊಲೀಸು, ತಂಗಿ, ಸ್ಟೇಷನ್ನು. ಮೂರೂ ಒಂದೇ ವಾಕ್ಯದಲ್ಲಿ ಬಂದರೆ ಯಾವ ಅಣ್ಣ ಪ್ರೂಫ್ ನೋಡುತ್ತಾ ಕೂರುತ್ತಾನೆ? ಸಿಕ್ಕ ಬಸ್ಸು ಹತ್ತಿದೆ. ತಾಳಗುಂದದ ಕ್ರಾಸಿನ ಹತ್ತಿರ ಮೆಕ್ಕೆಜೋಳದ ಟ್ರ್ಯಾಕ್ಟರ್ ಅಡ್ಡ ನಿಂತು ಅರ್ಧ ಗಂಟೆ ಅಲ್ಲೇ ಹೋಯ್ತು. ಬಿಸಿಲು ಬೇರೆ. ಸ್ಟೇಷನ್ ಮುಟ್ಟಿದಾಗ ಬೆವರು, ಹಸಿವು, ಸಿಟ್ಟು ಮೂರೂ ಒಟ್ಟಿಗೆ ಇದ್ದವು.

ಸರೋಜ ಕಿಟಕಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ಅಂಗಡಿಯಿಂದ ನೇರ ಕರೆತಂದಿದ್ದಾರೆ. ಎದುರಿಗೆ ರೈಟರ್, ಅಂದರೆ ಹೇಳಿಕೆ ಬರೆದುಕೊಳ್ಳುವ ಹೆಡ್ ಕಾನ್‌ಸ್ಟೇಬಲ್. ಮೂಲೆಯ ಬೆಂಚಿನಲ್ಲಿ ಮೂವತ್ತೈದರ ಆಸುಪಾಸಿನ ಒಬ್ಬ ಮನುಷ್ಯ ತಲೆ ತಗ್ಗಿಸಿ ಕೂತಿದ್ದ. ಬೆರಳುಗಳಲ್ಲಿ ವಾರ್ನಿಷ್ ಕಲೆ.

ರೈಟರ್ ವಿಷಯ ಹೇಳಿದರು. ಬೆಂಚಿನ ಮೇಲಿದ್ದವನು ಕೊಟ್ರೇಶಿ. ಸುಟ್ಟುಹೋದ ಮೋಟರ್‌ಗಳಿಗೆ ತಂತಿ ಸುತ್ತಿಕೊಡುವ ಕೆಲಸ. ಮಂಗಳವಾರ ಸಂಜೆ ಐದರಿಂದ ಎಂಟರೊಳಗೆ ಒಬ್ಬ ರೈತರ ಗದ್ದೆಯಿಂದ ಪಂಪ್‌ಸೆಟ್ ಮೋಟರ್ ಕಳುವಾಗಿದೆ. ಬುಧವಾರ ಕೊಟ್ರೇಶಿ ಬೈಕಿನ ಹಿಂದೆ ಹಳೇ ಮೋಟರ್ ಕಟ್ಟಿಕೊಂಡು ಹೋಗುವಾಗ ಸಿಕ್ಕಿದ್ದಾನೆ. ಅದಕ್ಕೆ ಕಾಗದಪತ್ರ ಏನೂ ಇಲ್ಲ. ರಿಪೇರಿಗೆ ತಂದಿದ್ದು ಅಂತಾನೆ. ಮಂಗಳವಾರ ಸಂಜೆ ಎಲ್ಲಿದ್ದೆ ಅಂತ ಕೇಳಿದರೆ, ಬಸ್ ಸ್ಟ್ಯಾಂಡ್ ಹತ್ತಿರದ ಸರೋಜಕ್ಕನ ಅಂಗಡಿಯಲ್ಲಿ ಹೊಲಿಗೆ ಮಿಷನ್ನಿನ ಮೋಟರ್ ಕೂರಿಸುತ್ತಿದ್ದೆ ಅಂತಾನೆ.

"ಸಾಕ್ಷಿ ಯಾರಲೇ ಅಂದ್ರ ಮೂಗಿ ಹೆಸರು ಹೇಳ್ತಾನ್ರಿ ಇವ," ಅಂದರು ರೈಟರ್. "ಬುದ್ಧಿವಂತ ಅದಾನ."

ಕೊಟ್ರೇಶಿ ತಲೆ ಎತ್ತಿ ನನ್ನನ್ನು ನೋಡಿದ. "ಅಣ್ಣಾರ, ಅಕ್ಕಾರಿಗೆ ಎಲ್ಲಾ ಗೊತ್ತೈತ್ರಿ. ಬರೋಬ್ಬರಿ ಕೇಳ್ರಿ. ಮೋಟ್ರು ಕಳ್ಳ ಅಂತ ಒಂದ್ಸಲ ಹೆಸರು ಬಂತಂದ್ರ, ನನ್ನ ಕೈಗೆ ಯಾರು ಮೋಟ್ರು ಕೊಡ್ತಾರ್ರೀ? ನನಗ ಬರೋದೇ ಅದೊಂದು ಕೆಲಸ."

ರೈಟರ್ ಕೆಟ್ಟವರಲ್ಲ. ಅವರಿಗೆ ತಿಳಿದಷ್ಟು ಪ್ರಯತ್ನ ಮಾಡಿದ್ದರು. ಮೊದಲು ಜೋರಾಗಿ ಕೇಳಿದ್ದರು. ಆಮೇಲೆ ಇನ್ನೂ ಜೋರಾಗಿ. (ಕಿವಿ ಕೇಳದವರಿಗೆ ಕೂಗಿದರೆ ಕೇಳುತ್ತೆ ಅಂತ ನಮಗೆ ಯಾರು ಹೇಳಿಕೊಟ್ಟರೋ! ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಕೇಸು ಗೊತ್ತಾಯಿತು, ಅವಳಿಗೊಬ್ಬಳಿಗೆ ಬಿಟ್ಟು.) ತುಟಿ ನೋಡಿ ಒಂದೆರಡು ಮಾತು ಹಿಡಿಯೋಣ ಅಂದರೆ ರೈಟರ್ ಮೀಸೆ ತುಟಿಯ ಮೇಲೆ ಸೂರಿನ ಹಾಗೆ ಇಳಿದಿತ್ತು. ಕೊನೆಗೆ ಕಾಗದದ ಮೇಲೆ ಬರೆದು ಕೊಟ್ಟಿದ್ದರು. ಆ ಕಾಗದ ಮೇಜಿನ ಮೇಲೇ ಇತ್ತು. ನೋಡಿದೆ.

"ಸದರಿ ಆಸಾಮಿಯು ಮಂಗಳವಾರದಂದು ಸಾಯಂಕಾಲ ತಮ್ಮ ಅಂಗಡಿಯಲ್ಲಿ ಹಾಜರಿದ್ದ ಬಗ್ಗೆ ತಮ್ಮ ಹೇಳಿಕೆ ಏನು?"

ಅದರ ಕೆಳಗೆ ಸರೋಜಳ ದುಂಡು ಅಕ್ಷರ: "ಸದರಿ ಯಾರು?"

ನಗಬೇಡಿ. ಕಚೇರಿಯಿಂದ ನಿಮಗೆ ಬಂದ ನೋಟೀಸು ನಿಮಗಾದರೂ ಒಂದೇ ಸಲಕ್ಕೆ ಅರ್ಥವಾಗಿದೆಯೇ?

ಸರಿ, ನನ್ನ ಡ್ಯೂಟಿ ಶುರುವಾಯಿತು. ಕೊಟ್ರೇಶಿಯನ್ನು ತೋರಿಸಿ ಸನ್ನೆ ಮಾಡಿದೆ: ಇವನು, ನಿನ್ನ ಅಂಗಡಿಗೆ, ಬಂದಿದ್ದನಾ?

ಸರೋಜಳ ಮುಖ ಅರಳಿತು. ಅಬ್ಬಾ, ಕೊನೆಗೂ ಒಬ್ಬ ಬಂದನಲ್ಲ ಅನ್ನುವ ಹಾಗೆ. ಜೋರಾಗಿ ತಲೆಯಾಡಿಸಿದಳು. ಬಂದಿದ್ದ. ಮಿಷನ್ ಚಕ್ರ ತಿರುಗಿಸಿದ ಹಾಗೆ ಕೈಯಾಡಿಸಿದಳು. ಮಿಷನ್ನಿನ ಮೋಟರ್. ಬಿಚ್ಚಿದ. ಚೀಲದಲ್ಲಿ ಹಾಕಿಕೊಂಡ. ತೆಗೆದುಕೊಂಡು ಹೋದ.

ನಾನು ರೈಟರ್ ಕಡೆ ತಿರುಗಿದೆ. "ಹೌದಂತೆ ಸಾರ್. ಬಂದಿದ್ನಂತೆ. ಮಿಷನ್ ಮೋಟ್ರು ಬಿಚ್ಕೊಂಡು ಹೋದ್ನಂತೆ."

ರೈಟರ್ ಪೆನ್ನು ಎತ್ತಿದರು. "ನೋಡ್ರಿಪಾ! ಅಲ್ಲೂ ಒಂದು ಹೊತ್ಕಂಡ್ ಹೋಗ್ಯಾನ."

"ಅಯ್ಯಯ್ಯೋ ಅಣ್ಣಾರ, ಪೂರ್ತಿ ಕೇಳ್ರೀ!" ಕೊಟ್ರೇಶಿ ಎದ್ದು ನಿಂತ. ಇನ್ನೊಬ್ಬ ಪೇದೆ ಅವನನ್ನು ಹೆಗಲು ಹಿಡಿದು ಕೂರಿಸಿದ.

ಸರೋಜ ನನ್ನ ತೋಳು ಜಗ್ಗಿದಳು. ಅವಳ ಕೈ ಇನ್ನೂ ಆಡುತ್ತಿತ್ತು. ನಾನು ರೈಟರಿಗೆ ಅವಳ ವಯಸ್ಸು, ವಿಳಾಸ ಹೇಳುತ್ತಿದ್ದೆ. ಮತ್ತೆ ಜಗ್ಗಿದಳು. ಮುಖದೆದುರಿಗೆ ಕೈ ತಂದು ಏನೋ ತೋರಿಸಿದಳು. ಗಂಟಲಿನಿಂದ ಸ್ವರವೂ ಬಂತು. ಅವಳಿಗೆ ಸಿಟ್ಟು ಬಂದಾಗ ಹಾಗಾಗುತ್ತದೆ, ದೊಡ್ಡ ಸ್ವರ, ಕೇಳಿದವರು ಗಾಬರಿಯಾಗುತ್ತಾರೆ. ಸ್ಟೇಷನ್ನಿನಲ್ಲಿದ್ದವರೆಲ್ಲ ನೋಡತೊಡಗಿದರು. ನನಗೆ ಅವಮಾನವಾಯಿತು. ಆಗ ನಾನು ಏನು ಮಾಡಿದೆ ಗೊತ್ತೇ? ಅವಳ ಎರಡೂ ಕೈಗಳನ್ನು ಹಿಡಿದು ಮೇಜಿನ ಮೇಲೆ ಒತ್ತಿಕೊಂಡೆ. ಒತ್ತಿಕೊಂಡೇ ರೈಟರಿಗೆ "ನೀವು ಬರ್ಕೊಳ್ರೀ ಸಾರ್" ಅಂದೆ.

ಇದು ನಾನು ಹೊಸದಾಗಿ ಕಲಿತದ್ದಲ್ಲ. ನಮ್ಮಮ್ಮ ನೆಂಟರೆದುರು ಇದನ್ನೇ ಮಾಡುತ್ತಿದ್ದಳು. ಬಂದವರ ಮುಂದೆ ಹುಡುಗಿ ಕೈಯಾಡಿಸಿದರೆ ಚೆನ್ನಾಗಿ ಕಾಣುವುದಿಲ್ಲ ಅಂತ ಸರೋಜಳ ಕೈಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ನೋಡಿದವರು ಎಷ್ಟು ಪ್ರೀತಿ ಅಂತಿದ್ದರು. ಪ್ರೀತಿ ಇತ್ತು, ಇಲ್ಲ ಅನ್ನಲಾರೆ.

"ಅವ್ರ ಕೈ ಬಿಡ್ರೀ ಮೊದ್ಲು!"

ಬಾಗಿಲಲ್ಲಿ ಪೇದೆ ರೇಣುಕಾ ನಿಂತಿದ್ದಳು. (ನಿಜವಾದ ಹೆಸರಲ್ಲ.) ವಯಸ್ಸು ಇಪ್ಪತ್ತೆಂಟೋ ಮೂವತ್ತೋ, ಸೊರಬದ ಕಡೆಯ ಮಾತು. ಬಂದೋಬಸ್ತು ಮುಗಿಸಿ ಆಗ ತಾನೆ ಬಂದಿದ್ದಳು, ಹೆಲ್ಮೆಟ್ ಇನ್ನೂ ಕೈಯಲ್ಲಿತ್ತು.

"ಎಂತ ಮಾಡ್ತಾ ಇದೀರಿ ನೀವು? ಅವ್ರು ಮಾತಾಡೋದೇ ಕೈಯಲ್ಲಿ. ಕೈ ಹಿಡ್ಕಂಡ್ರೆ ಬಾಯಿ ಮುಚ್ಚಿದ ಹಂಗೇ ಆಯ್ತಲ್ಲ?"

"ನಾನು ಅವಳ ಅಣ್ಣ ಮೇಡಂ. ಅವಳು ಹೇಳಿದ್ದನ್ನೇ ನಾನು..."

"ಅವ್ರು ಇನ್ನೂ ಹೇಳ್ತಾನೇ ಇದಾರೆ, ನೀವು ಆಗ್ಲೇ ಹೇಳಿ ಮುಗ್ಸಿದೀರಿ. ಅದ್ಹೆಂಗೆ?"

ಕೈ ಬಿಟ್ಟೆ.

ಮುಂದೆ ರೇಣುಕಾ ಮಾಡಿದ್ದು ದೊಡ್ಡ ಕೆಲಸವೇನಲ್ಲ. ಸರೋಜಳ ಕುರ್ಚಿಯನ್ನು ಕಿಟಕಿಗೆ ಬೆನ್ನಾಗುವ ಹಾಗೆ ತಿರುಗಿಸಿದಳು. ಅಲ್ಲಿಯವರೆಗೆ ಬೆಳಕೆಲ್ಲ ಸರೋಜಳ ಕಣ್ಣಿಗೆ ಹೊಡೆಯುತ್ತಿತ್ತು, ಎದುರಿನವರ ಮುಖ ಬರೀ ಕಪ್ಪು. ಇದು ಅರ್ಧ ದಿನದಿಂದ ಯಾರಿಗೂ ಹೊಳೆದಿರಲಿಲ್ಲ, ನನಗೂ. ಆಮೇಲೆ ಎದುರು ಕೂತು, ಸರೋಜಳನ್ನೇ ನೋಡುತ್ತಾ (ನನ್ನನ್ನಲ್ಲ, ಗಮನಿಸಿ) ಒಂದು ಹಾಳೆಯಲ್ಲಿ ಬರೆದಳು: "ನಾನು ರೇಣುಕಾ. ಪೊಲೀಸ್. ನಿಮಗೆ ಹೇಗೆ ಮಾತಾಡಿದರೆ ಸುಲಭ? ಬರೆಯುವುದಾ? ಅಣ್ಣನಾ? ವಿಡಿಯೋ ಕಾಲಾ?"

ಸರೋಜ ಓದಿದಳು. ಮತ್ತೊಮ್ಮೆ ಓದಿದಳು. ಐವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಬೆರಳನ್ನು ವಿಡಿಯೋ ಕಾಲ್ ಮೇಲೆ ಇಟ್ಟಳು. ಅಣ್ಣನ ಮೇಲೆ ಇಡಲಿಲ್ಲ.

ಕರೆ ಹೋಗಿದ್ದು ಅವಳ ಹಾಸ್ಟೆಲ್ ಶಾಲೆಯ ಹಳೆಯ ಟೀಚರ್‌ಗೆ. ರಿಟೈರ್ ಆಗಿ ಮನೆಯಲ್ಲಿದ್ದಾರೆ. ಸ್ಟೇಷನ್ ಒಳಗೆ ನೆಟ್‌ವರ್ಕ್ ಇಲ್ಲ, ಹೊರಗೆ ಧ್ವಜದ ಕಟ್ಟೆಯ ಹತ್ತಿರ ಮಾತ್ರ ಸಿಗುತ್ತೆ. ಎಲ್ಲರೂ ಅಲ್ಲಿಗೆ ಹೋದೆವು. ಫೋನನ್ನು ರೇಣುಕಾಳ ಹೆಲ್ಮೆಟ್ಟಿಗೆ ಒರಗಿಸಿ ಕಟ್ಟೆಯ ಮೇಲೆ ಇಟ್ಟಾಯಿತು. ತೆರೆಯಲ್ಲಿ ಬೆಳ್ಳಿಕೂದಲಿನ ಹೆಂಗಸು ಕಾಣಿಸಿಕೊಂಡರು, ಕೈಯಲ್ಲಿ ಸೌಟು.

"ತಡೀರಿ, ಒಲೆ ಆರಿಸಿ ಬರ್ತೀನಿ," ಅಂದರು. ಬಂದು ಕೂತು ವಿಷಯ ಕೇಳಿಕೊಂಡರು. "ನೋಡಿಮ್ಮಾ, ಸರೋಜ ಹೇಳಿದ್ದಕ್ಕೆ ನಾನು ಏನೂ ಸೇರ್ಸೋದಿಲ್ಲ, ಏನೂ ಬಿಡೋದೂ ಇಲ್ಲ. ಪ್ರಶ್ನೆ ಅವಳನ್ನ ನೋಡಿ ಕೇಳಿ, ನನ್ನನ್ನಲ್ಲ. ಪಕ್ಕದಲ್ಲಿ ನಿಂತಿರೋರು ಯಾರು?"

"ಅವರಣ್ಣ ಮೇಡಂ."

"ಅವರನ್ನ ಸ್ವಲ್ಪ ಆಚೆ ಕಳಿಸ್ತೀರಾ?"

ಕಳಿಸಿದರು. ಸೀಜ್ ಮಾಡಿ ತಂದು ನಿಲ್ಲಿಸಿದ ತುಕ್ಕು ಬೈಕುಗಳ ನಡುವೆ ಹೋಗಿ ನಾನೂ ನಿಂತೆ.

ದೂರದಿಂದ ನೋಡಿದೆ. ಸರೋಜ ಮಾತಾಡುತ್ತಿದ್ದಳು. ಹುಬ್ಬು, ಭುಜ, ಕೆನ್ನೆ, ಬೆರಳು, ಎಲ್ಲವೂ ಮಾತಾಡುತ್ತಿದ್ದವು. ನಡುವೆ ಏನೋ ಹೇಳಿದಳು, ಟೀಚರ್ ನಕ್ಕರು, ಅವರು ಹೇಳಿದ್ದು ಕೇಳಿ ರೇಣುಕಾಳೂ ನಕ್ಕಳು. ನನ್ನ ತಂಗಿ ತಮಾಷೆ ಮಾಡುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ. ಏನು ತಮಾಷೆ ಅಂತಲೂ ಇವತ್ತಿಗೂ ಗೊತ್ತಿಲ್ಲ. ಹೊಟ್ಟೆಕಿಚ್ಚಾಯಿತು ಅಂದರೆ ನಂಬುತ್ತೀರಾ? ಆಯಿತು.

ಅವಳು ಹೇಳಿದ್ದು ಇಷ್ಟು. ಕೊಟ್ರೇಶಿ ಬಂದು ಮೋಟರ್ ಬಿಚ್ಚಿಕೊಂಡು ಹೋಗಿದ್ದು ಸೋಮವಾರ, ಸುಟ್ಟಿತ್ತು ಅಂತ ತಾನೇ ಕರೆಸಿ ಕೊಟ್ಟದ್ದು. ಮಂಗಳವಾರ ನಾಲ್ಕೂವರೆಗೆ ವಾಪಸ್ ತಂದ. ಕೂರಿಸುತ್ತಿದ್ದ ಹಾಗೇ ಕರೆಂಟ್ ಹೋಯಿತು. ಓಡಿಸಿ ನೋಡದೆ ಹೋಗಬೇಡ, ನಾಳೆ ಬೆಳಿಗ್ಗೆ ಒಂದು ಸೀಮಂತಕ್ಕೆ ಮೂರು ಬ್ಲೌಸು ಕೊಡಬೇಕು ಅಂತ ಅವಳೇ ಅವನನ್ನು ಕೂರಿಸಿಕೊಂಡಳು. ಕರೆಂಟ್ ಬಂದಾಗ ಗೋಡೆ ಗಡಿಯಾರದಲ್ಲಿ ಏಳೂ ಮುಕ್ಕಾಲು. ಮಿಷನ್ ಓಡಿಸಿ ತೋರಿಸಿ, ಶಟರ್ ಎಳೆದುಕೊಟ್ಟು, ಎಂಟರ ಮೇಲೆ ಹೋದ.

ಸೋಮವಾರದ್ದನ್ನು ನಾನು ಹೇಳಿದ್ದೆ. ಮಂಗಳವಾರದ್ದನ್ನು ಮೇಜಿಗೆ ಒತ್ತಿ ಹಿಡಿದಿದ್ದೆ.

ರೇಣುಕಾ ಅಲ್ಲಿಂದಲೇ ಲೈನ್‌ಮನ್‌ಗೆ ಫೋನ್ ಹಚ್ಚಿದಳು. "ಮಂಗಳವಾರ ಬಸ್ ಸ್ಟ್ಯಾಂಡ್ ಲೈನ್ ಎಷ್ಟೊತ್ತಿಗೆ ಹೋಗಿತ್ತು?" ಕರೆಂಟ್ ಹೋದ ಹೊತ್ತು, ಬಂದ ಹೊತ್ತು, ಎರಡೂ ತಾಳೆಯಾದವು. ಕೊಟ್ರೇಶಿಯ ಬೈಕಿನಲ್ಲಿದ್ದ ಹಳೇ ಮೋಟರಿನ ಯಜಮಾನರೂ ಮಧ್ಯಾಹ್ನದ ಮೇಲೆ ಬಂದು, ಅದು ನನ್ನದೇ, ರಿಪೇರಿಗೆ ಕೊಟ್ಟಿದ್ದೆ ಅಂದರು.

ರೈಟರ್ ಹೊಸ ಹಾಳೆ ತೆಗೆದರು. ನನಗೆ ಅವರ ಮೇಲೆ ಗೌರವ ಬಂದಿದ್ದು ಆಗ. ಗೊಣಗಲಿಲ್ಲ. "ಈ ಸಲ ಸದರಿ ಗಿದರಿ ಬ್ಯಾಡ ಬಿಡ್ರಿ," ಅಂತ ತಾವೇ ಹೇಳಿ ಹೇಳಿಕೆ ಬರೆದರು. ಅದನ್ನು ಓದಿದರು, ಟೀಚರ್ ತೆರೆಯಲ್ಲಿ ಸಾಲು ಸಾಲಾಗಿ ಸನ್ನೆ ಮಾಡಿ ತೋರಿಸಿದರು. ಸರೋಜ ಒಂದು ಕಡೆ ನಿಲ್ಲಿಸಿದಳು. 'ಕಿವುಡಿ ಹಾಗೂ ಮೂಕಿಯಾದ ಸರೋಜಮ್ಮ' ಅಂತ ಇತ್ತು. ಪೆನ್ನು ಇಸಿದುಕೊಂಡು ಅದಕ್ಕೆ ಗೆರೆ ಎಳೆದು ಮೇಲೆ 'ಟೈಲರ್ ಸರೋಜ' ಅಂತ ಬರೆದು ಸಹಿ ಮಾಡಿದಳು. ಪ್ರೂಫ್ ತಿದ್ದುವುದು ನಾನೊಬ್ಬನೇ ಅಂದುಕೊಂಡಿದ್ದೆ.

ಸಂಜೆ ನಾಲ್ಕಕ್ಕೆ ಕೊಟ್ರೇಶಿಯನ್ನು ಬಿಟ್ಟರು. ಹೊರಗೆ ಬಂದವನು ಸರೋಜಳಿಗೆ ಕೈ ಮುಗಿದ. ನನ್ನ ಹತ್ತಿರ ಬಂದು ಒಂದು ಕ್ಷಣ ನಿಂತ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಅಣ್ಣಾರ, ನೀವು ಪೂರ್ತಿ ನೋಡಬೇಕಿತ್ರೀ," ಅಂದ. ಬೈಕ್ ತಳ್ಳಿಕೊಂಡು ಹೋದ.

ರೇಣುಕಾಳನ್ನು ಕೇಳಿದೆ, ಇದೆಲ್ಲ ಟ್ರೈನಿಂಗಿನಲ್ಲಿ ಹೇಳಿಕೊಡುತ್ತಾರೇನಮ್ಮ ಅಂತ.

"ಎಂತ ಟ್ರೈನಿಂಗೂ ಇಲ್ಲ ಸಾರ್. ನಂಗೆ ಒಂದ್ಸಲ ಗಂಟಲು ಆಪರೇಷನ್ ಆಗಿತ್ತು. ಹದಿನೈದು ದಿನ ಮಾತಾಡಂಗಿಲ್ಲ ಅಂದ್ರು. ಆಸ್ಪತ್ರೇಲಿ ನಮ್ಮನೇರು ಎಲ್ಲದಕ್ಕೂ ಅವ್ರೇ ಹೇಳೋರು. ಕಾಫಿ ಬೇಡ್ವಂತೆ, ಫ್ಯಾನ್ ಬೇಡ್ವಂತೆ. ನಂಗೆ ಎರಡೂ ಬೇಕಾಗಿತ್ತು!" ನಕ್ಕಳು. "ಹದಿನೈದು ದಿನಕ್ಕೇ ತಲೆ ಕೆಟ್ಟೋಗಿತ್ತು ಮಾರಾಯ್ರೇ."

ಹದಿನೈದು ದಿನ. ನಾನು ಲೆಕ್ಕ ಹಾಕಲು ಹೋಗಲಿಲ್ಲ.

ಅಂಕಣಕಾರ ಅಂದ ಮೇಲೆ ಇಲ್ಲಿ ಒಂದಿಷ್ಟು ಸಲಹೆ ಕೊಡಬೇಕು, ಅಲ್ಲವೇ? ಕೊಡುತ್ತೇನೆ. ಕೂಗಬೇಡಿ, ಮುಖ ನೋಡಿ ಮಾತಾಡಿ. ಬೆಳಕು ನಿಮ್ಮ ಮುಖದ ಮೇಲಿರಲಿ. ಬರೆಯುವುದಾದರೆ ಮನುಷ್ಯರ ಕನ್ನಡದಲ್ಲಿ ಬರೆಯಿರಿ. ಹಿಂದಿನಿಂದ ಸೀಟಿ ಊದಿ, ನಿಲ್ಲಲಿಲ್ಲ ಅಂತ ಲಾಠಿ ಎತ್ತಬೇಡಿ, ಅವರಿಗೆ ಕೇಳಿಸಿಲ್ಲ ಅಷ್ಟೇ. ಬೇಡಿ ಹಾಕುವ ಮೊದಲು ಆ ಕೈಗಳಲ್ಲೇ ಅವರ ಮಾತಿದೆ ಅನ್ನುವುದು ನೆನಪಿರಲಿ. ಸನ್ನೆ ಭಾಷೆ ಬಲ್ಲ ಒಬ್ಬರ ನಂಬರು ಪ್ರತಿ ಸ್ಟೇಷನ್ನಿನ ಗೋಡೆಯ ಮೇಲಿರಲಿ, ಹಾವು ಹಿಡಿಯುವವರ ನಂಬರ್ ಇರುವುದಿಲ್ಲವೇ, ಹಾಗೆ. ಮನೆಯವರು ಬಂದು "ನಾನು ಹೇಳ್ತೀನಿ ಬಿಡಿ ಸಾರ್" ಅಂದರೆ, ಅವರಿಗೆ ಟೀ ಕೊಟ್ಟು ಹೊರಗೆ ಕೂರಿಸಿ.

ಇದನ್ನೆಲ್ಲ ಇನ್ನೂ ಚೆನ್ನಾಗಿ ವಿಸ್ತರಿಸಿ, ಇಲಾಖೆಗೆ ನಾಲ್ಕು ಮಾತು ಬುದ್ಧಿ ಹೇಳಿ ಅಂಕಣ ಮುಗಿಸುವುದು ಅಂತ ಸ್ಟೇಷನ್ ಗೇಟಿನಲ್ಲೇ ತೀರ್ಮಾನಿಸಿದ್ದೆ. ಹೆಡ್ಡಿಂಗ್ ಕೂಡ ಹೊಳೆದಿತ್ತು.

ಬಸ್ ಸ್ಟ್ಯಾಂಡಿಗೆ ಬಂದೆವು. ಸರೋಜ ಅಂಗಡಿ ತೆರೆಯಲಿಲ್ಲ, ನನ್ನ ಜೊತೆ ಕಲ್ಲುಬೆಂಚಿನ ಮೇಲೆ ಕೂತಳು. ಶಿಕಾರಿಪುರದ ಬಸ್ಸು ಇನ್ನೂ ಬಂದಿರಲಿಲ್ಲ. ನನ್ನ ಭುಜ ತಟ್ಟಿದಳು. ತಿರುಗಿದೆ.

ನಿಧಾನಕ್ಕೆ, ನಮ್ಮ ಮನೆಯ ಸನ್ನೆಯಲ್ಲಿ, ನನಗೆ ತಿಳಿಯುವ ಹಾಗೆ ಕೇಳಿದಳು. ಅಂಬ್ಲಿಗೊಳದ ಹುಡುಗ. ತಕ್ಕಡಿ ಹಿಡಿದು ತೂಗುವ ಹಾಗೆ ಕೈ ಮಾಡಿದಳು, ಕಿರಾಣಿ ಅಂಗಡಿ. ಅವತ್ತು ಬಂದಿದ್ದರಲ್ಲ. ಅವರಿಗೆ ನೀನು ಏನು ಹೇಳಿದೆ?

ನೀನು ಬೇಡ ಅಂದೆ ಅಂತ ಹೇಳಿದೆ, ಅಂತ ಸನ್ನೆ ಮಾಡಿದೆ.

ಅವಳು ತಲೆಯಾಡಿಸಿದಳು. ಬೇಡ ಅಂದಿದ್ದು ಹೌದು. ಸೂಜಿಗೆ ದಾರ ಪೋಣಿಸುವ ಹಾಗೆ ಬೆರಳು ಮಾಡಿದಳು. ಹೊಲಿಗೆ ಬಿಡುವುದು ಬೇಡ. ಆಮೇಲೆ ಮೂಗುತಿ ಮುಟ್ಟಿ ತೋರಿಸಿದಳು, ಅಮ್ಮ. ತನ್ನ ಎಡಗೈಯಿಂದ ಬಲಗೈಯನ್ನು ಗಟ್ಟಿಯಾಗಿ ಹಿಡಿದು ಮಡಿಲಲ್ಲಿ ಒತ್ತಿಕೊಂಡಳು. ಹಾಗೇ ನನ್ನ ಮುಖ ನೋಡಿದಳು. ನಿಧಾನಕ್ಕೆ ಕೈ ಬಿಡಿಸಿಕೊಂಡು ಮತ್ತೆ ತಕ್ಕಡಿ ತೂಗಿದಳು.

ಹುಡುಗ ಬೇಕು.

ಮೂವತ್ತು ವರ್ಷದ ಹಿಂದಿನ ಮಾತು. ಅರ್ಧ ನಾನು ಮುಟ್ಟಿಸಿದ್ದೆ. ಅರ್ಧ ಅಮ್ಮನ ಮಡಿಲಲ್ಲೇ ಉಳಿದುಹೋಗಿತ್ತು.

ಅವಳು ಅಳಲಿಲ್ಲ. ಉತ್ತರಕ್ಕೆ ಕಾಯುತ್ತಾ ಕೂತಿದ್ದಳು, ಅಷ್ಟೇ. ತಪ್ಪಾಯಿತು ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಯಾವ ಸನ್ನೆ ಅಂತ ಹುಡುಕಿದೆ, ನೆನಪಾಗಲಿಲ್ಲ. ಇತ್ತೋ ಇಲ್ಲವೋ. ಅಷ್ಟರಲ್ಲಿ ಒಂದು ಬಸ್ಸು ಬಂತು. ಬಸ್ಸು ಬಂತು ಅಂತ ಅವಳಿಗೆ ತೋರಿಸಿ ಓಡಿಹೋಗಿ ಹತ್ತಿಬಿಟ್ಟೆ. ಅವಳ ಕೈ ಇನ್ನೂ ಮೇಲೇ ಇತ್ತು.

ಎರಡು ಸ್ಟಾಪು ದಾಟಿದ ಮೇಲೆ ಕಂಡಕ್ಟರ್ ಟಿಕೆಟ್ ಕೇಳಿದ. ಶಿಕಾರಿಪುರ ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಯಜಮಾನ್ರೇ, ಇದು ಸೊರಬದ ಬಸ್ಸು. ಬೋರ್ಡ್ ನೋಡಿ ಹತ್ತಬಾರ್ದಾ?"

ಪೊಲೀಸರಿಗೆ ಟ್ರೈನಿಂಗ್ ಕೊಡಿ ಅಂತ ಬರೆಯಲು ಕೂತಿದ್ದೆ. ಅಣ್ಣಂದಿರಿಗೆ ಯಾರ್ರೀ ಕೊಡೋದು?